ಗೀಸರೋ ಗೀಜರೋ: ಯಾವ ಅಕ್ಷರ ತಪ್ಪಿದರೆ ಕಷ್ಟ?

ಚಳಿ ಶುರುವಾಗುತ್ತಿದ್ದಂತೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ‘ಗೀಸರ್ ಸರಿಯೋ, ಗೀಜರ್ ಸರಿಯೋ?’ ಎಂದು ನಿವೃತ್ತ ಮೇಷ್ಟರೊಬ್ಬರು ಕೇಳುತ್ತಾರೆ. ‘ಅಂಗಡಿಯ ಬೋರ್ಡಿನಲ್ಲಿ ಗೈಸರ್, ಬಿಲ್ಲಿನಲ್ಲಿ ಗೀಝರ್, ಡಬ್ಬದ ಮೇಲೆ ವಾಟರ್ ಹೀಟರ್. ನಾನು ಕೊಂಡದ್ದು ಯಾವುದು?’ ಎಂದು ಹೊಸದಾಗಿ ಮನೆ ಕಟ್ಟಿಸಿದವರು ಕೇಳುತ್ತಾರೆ. ಐಟಿಐ ಓದುವ ಹುಡುಗರದ್ದು ಬೇರೆಯೇ ಚಿಂತೆ: ಥರ್ಮೋಸ್ಟಾಟ್ ಎಂದು ಬರೆದರೆ ಅಂಕ ಕೊಡುತ್ತಾರೋ, ಥರ್ಮೋಸ್ಟ್ಯಾಟ್ ಎಂದೇ ಬರೆಯಬೇಕೋ? ನೀರು ಕಾಯಿಸುವ ಕಸುಬಿನಲ್ಲಿ ಒಂದೊಂದು ಸಾಮಾನಿಗೂ ನಾಲ್ಕಾರು ಕಾಗುಣಿತ ಇರುವುದು ನಿಜ. ಇಷ್ಟೂ ಪತ್ರಗಳಿಗೆ ಒಟ್ಟಿಗೇ ಉತ್ತರ ಬರೆಯೋಣವೆಂದು ಈ ವಾರ ಕೂತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಗುಣಿತದ ವ್ಯತ್ಯಾಸಗಳಲ್ಲಿ ಬಹುಪಾಲು ನಿರುಪದ್ರವಿ. ಬೋರ್ಡಿನಲ್ಲಿ ಹೇಗೆ ಬರೆದರೂ ನೀರು ಕಾಯುತ್ತದೆ. ಆದರೆ ಕೆಲವು ಕಡೆ ಒಂದು ಅಕ್ಷರ ಆಚೀಚೆ ಆದರೆ ಪೈಪು ಸೋರುತ್ತದೆ, ಟ್ಯಾಂಕು ತೂತಾಗುತ್ತದೆ, ಒಮ್ಮೊಮ್ಮೆ ಜೀವಕ್ಕೇ ಬರುತ್ತದೆ. ನಾವು ವಾದ ಮಾಡುವುದು ಮೊದಲನೆಯದರ ಬಗ್ಗೆ, ಎಚ್ಚರ ಬೇಕಾದದ್ದು ಎರಡನೆಯದರ ಬಗ್ಗೆ.

ಮೊದಲು ಗೀಸರನ್ನೇ ತೆಗೆದುಕೊಳ್ಳಿ. ಐಸ್‌ಲ್ಯಾಂಡಿನ ಹೌಕಾದಾಲುರ್ ಕಣಿವೆಯಲ್ಲಿ ‘ಗೇಸಿರ್’ ಎಂಬ ಬಿಸಿನೀರಿನ ಬುಗ್ಗೆ ಇದೆ. ಚಿಮ್ಮು ಎಂಬ ಅರ್ಥದ ಅಲ್ಲಿನ ಮಾತಿನಿಂದ ಬಂದ ಹೆಸರು ಅದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬವರು ಗ್ಯಾಸಿನ ಉರಿಯಲ್ಲಿ ಸ್ನಾನದ ನೀರನ್ನು ಆಗಿಂದಾಗಲೇ ಕಾಯಿಸಿ ಕೊಡುವ ಯಂತ್ರ ಮಾಡಿದರು, ಅದಕ್ಕೆ ಈ ಬುಗ್ಗೆಯ ಹೆಸರನ್ನೇ ಇಟ್ಟರು. ಬ್ರಿಟಿಷರ ಬಾಯಲ್ಲಿ ಅದು ಗೀಝರ್. ಅಮೆರಿಕದವರು ಗೈಝರ್ ಎನ್ನುತ್ತಾರೆ, ಅದೂ ನೆಲದ ಬುಗ್ಗೆಗೆ ಮಾತ್ರ. ಬಚ್ಚಲಮನೆಯದು ಅವರಿಗೆ ವಾಟರ್ ಹೀಟರ್. ಹುಟ್ಟಿದ ಕಡೆ ಗೇ, ಇಂಗ್ಲೆಂಡಿನಲ್ಲಿ ಗೀ, ಅಮೆರಿಕದಲ್ಲಿ ಗೈ. ದಾರಿಯಲ್ಲೇ ಮೂರು ರೂಪ ತಾಳಿದ ಪದ ನಮ್ಮ ಪೇಟೆಗೆ ಬಂದ ಮೇಲೆ ಒಂದೇ ರೂಪದಲ್ಲಿ ನಿಲ್ಲಲಿ ಎಂದರೆ ಹೇಗೆ? ನಾನು ಗೀಸರ್ ಎಂದು ಬರೆಯುತ್ತೇನೆ, ಪತ್ರಿಕೆಗಳಲ್ಲಿ ಅದು ರೂಢಿಯಾಗಿದೆ ಎಂಬ ಒಂದೇ ಕಾರಣಕ್ಕೆ. ಗೀಜರ್ ಎಂದು ಬರೆದವರನ್ನು ತಿದ್ದುವುದಿಲ್ಲ.

ಇಷ್ಟೊಂದು ರೂಪಗಳು ಏಕೆ ಹುಟ್ಟುತ್ತವೆ ಎಂಬುದು ತಿಳಿಯಬೇಕಾದ ಸಂಗತಿ. ಈ ಕಸುಬಿನ ಪದಗಳು ಕನ್ನಡಕ್ಕೆ ಕಿವಿಯಿಂದಲೂ ಬಂದಿವೆ, ಕಣ್ಣಿನಿಂದಲೂ ಬಂದಿವೆ. ಪ್ಲಂಬರ್ ಹುಡುಗ ಪದ ಕಲಿಯುವುದು ತನ್ನ ಮೇಸ್ತ್ರಿಯ ಬಾಯಿಂದ. ಅವನಿಗೆ ಕೇಳಿಸಿದ್ದು ಗೀಜರ್, ವಾಲು, ವಾಸರ್, ಸಿಲಿಂಡ್ರು. ಅವನು ಬರೆಯುವುದೂ ಹಾಗೆಯೇ. ಬೋರ್ಡು ಬರೆಯುವ ಪೇಂಟರ್ ಕಣ್ಣೆದುರು ಇರುವುದು ಕಂಪನಿಯ ಇಂಗ್ಲಿಷ್ ಅಕ್ಷರ. ಅವನು ಅದನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸಿದಾಗ ಗೈಸರ್, ಗೇಸರ್, ಥರ್ಮೋಸ್ಟಾಟ್ ಬರುತ್ತವೆ. ನಿಕೆಲ್ ಮತ್ತು ಕ್ರೋಮಿಯಂ ಬೆರೆಸಿದ ತಂತಿಯನ್ನು ಅಮೆರಿಕದ ಆಲ್ಬರ್ಟ್ ಮಾರ್ಷ್ ಕಂಡುಹಿಡಿದು 1906ರಲ್ಲಿ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ಆ ತಂತಿಯೇ ಇವತ್ತಿಗೂ ನಮ್ಮ ಹೀಟರುಗಳ ಜೀವ. ಕಿವಿಯಿಂದ ಕಲಿತವರು ಅದನ್ನು ನೈಕ್ರೋಮ್ ಎನ್ನುತ್ತಾರೆ, ನಿಕೆಲ್ ಎಂಬ ಮೂಲ ನೆನಪಿಟ್ಟುಕೊಂಡವರು ನಿಕ್ರೋಮ್ ಎನ್ನುತ್ತಾರೆ. ಇಬ್ಬರಿಗೂ ಅವರವರ ನ್ಯಾಯ ಇದೆ.

ಇದರ ಜೊತೆಗೆ ನಮ್ಮ ಲಿಪಿಯ ಗುಣವೊಂದಿದೆ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಬರೆದು ಹತ್ತು ಊರಿನವರು ಹತ್ತು ರೀತಿ ಓದಬಹುದು, ಕಾಗದದ ಮೇಲೆ ಅದು ಕಾಣುವುದಿಲ್ಲ. ಕನ್ನಡದಲ್ಲಿ ಬರೆಯಬೇಕಾದರೆ ಎ-ಏ, ಒ-ಓ, ಅಲ್ಪಪ್ರಾಣ-ಮಹಾಪ್ರಾಣ ಎಲ್ಲವನ್ನೂ ನಿರ್ಧರಿಸಲೇಬೇಕು. ಮೋಟಾರ್, ಮೋಟರ್, ಮೊಟಾರು. ಬಾಯ್ಲರ್, ಬಾಯಿಲರ್, ಬಾಯ್ಲರು. ವಾಟ್, ವ್ಯಾಟ್, ವಾಟು. ಹೇಳುವವರ ಬಾಯಿ ಹೇಗೋ ಹಾಗೆ ಬರೆಹವೂ ಬೇರೆಯಾಗುತ್ತದೆ. ಇಂಗ್ಲಿಷಿನ z ಧ್ವನಿಗೆ ಕನ್ನಡದಲ್ಲಿ ಸರಿಯಾದ ಅಕ್ಷರವಿಲ್ಲ. ಒಬ್ಬರು ಜ ಬರೆದರು, ಒಬ್ಬರು ಸ ಬರೆದರು, ಇನ್ನೊಬ್ಬರು ಜ ಕೆಳಗೆ ಚುಕ್ಕಿ ಇಟ್ಟು ಜ಼ ಮಾಡಿದರು. ವ್ಯಂಜನದಲ್ಲಿ ನಿಂತ ಪದಕ್ಕೆ ಉ ಸೇರಿಸಿ ಹೀಟರು, ಪೈಪು, ಬಲ್ಬು ಎನ್ನುವುದು ಕನ್ನಡದ ನಾಲಿಗೆಗೆ ಸಹಜ. ಆದ್ದರಿಂದ ಈ ವೈವಿಧ್ಯವನ್ನು ಅಶಿಕ್ಷಿತರ ತಪ್ಪು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಭಾಷೆ ಹೊರಗಿನ ಸಾಮಾನನ್ನು ತನ್ನದಾಗಿ ಮಾಡಿಕೊಳ್ಳುವ ರೀತಿ.

ನಮ್ಮದೇ ಪದಗಳೇನು ಒಂದೇ ರೂಪದಲ್ಲಿವೆಯೇ? ಬಚ್ಚಲೊಲೆ, ನೀರೊಲೆ, ಹಂಡೆಒಲೆ ಎಲ್ಲ ಒಂದೇ. ಹಂಡೆ ಒಂದು ಕಡೆ, ಹಂಡೇವು ಇನ್ನೊಂದು ಕಡೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುವ ಮನೆಗಳು ಈಗಲೂ ಇವೆ. ಆಮೇಲೆ ಬಂದದ್ದು ನಡುವೆ ಇದ್ದಿಲಿನ ಕೊಳವೆ ಇರುವ ತಾಮ್ರದ ಬಾಯ್ಲರ್. ಬೆಳಗಾವಿಯ ಕಡೆ ಅದನ್ನೇ ಮರಾಠಿಯವರಂತೆ ಬಂಬ ಎನ್ನುವವರಿದ್ದಾರೆ. ಕಾನೂನಿನ ಕಣ್ಣಿನಲ್ಲಿ ಅದು ಬಾಯ್ಲರೇ ಅಲ್ಲ. 1923ರ ಭಾರತೀಯ ಬಾಯ್ಲರ್ ಕಾಯ್ದೆಗೂ ಅದರ ಜಾಗಕ್ಕೆ ಬಂದ 2025ರ ಕಾಯ್ದೆಗೂ ಬಾಯ್ಲರ್ ಎಂದರೆ ಒತ್ತಡದಲ್ಲಿ ಹಬೆ ಹುಟ್ಟಿಸುವ ಪಾತ್ರೆ, ಸಕ್ಕರೆ ಕಾರ್ಖಾನೆಯಲ್ಲಿರುವಂಥದ್ದು. ಇನ್ನು ಕೋಳಿ ಅಂಗಡಿಗಳ ಮುಂದೆ ‘ಬಾಯ್ಲರ್ ಕೋಳಿ’ ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಅದು ಬ್ರಾಯ್ಲರ್. ಆ ಬೋರ್ಡು ಓದಿ ಯಾರೂ ಮೋಸಹೋಗುವುದಿಲ್ಲ, ಏಕೆಂದರೆ ಅಂಗಡಿಯಲ್ಲಿ ಕೋಳಿ ಕಾಣುತ್ತಿರುತ್ತದೆ.

ಈ ‘ಕಾಣುತ್ತಿರುತ್ತದೆ’ ಎಂಬುದೇ ಮುಖ್ಯ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಇಪ್ಪತ್ತರ ಆಸುಪಾಸಿನ ಹುಡುಗ ಬೀಡಿ ಕಟ್ಟಿನ ಹಾಳೆಯ ಹಿಂಭಾಗದಲ್ಲಿ ಬರೆದ ಚೀಟಿ ಕೊಟ್ಟ. ‘ಗೀಜರ್ ಕಾಯಲ್ 2 ಕಿವ, ತರ್ಮೋಸ್ಟೆಟ್ 1, ಗ್ಯಾಸ್ಕಿಟ್ 1, ಮೆಗ್ನಿಸಂ ರಾಡ್ 1, ಸೇಪ್ಟಿ ವಾಲು ಅರ್ಧ.’ ಗಲ್ಲಾದ ಹಿಂದಿದ್ದ ಹಿರಿಯರು ತಡವರಿಸದೆ ಓದಿದರು. ಓದಿ ಕೇಳಿದ್ದು ಇಷ್ಟೇ: ‘ಎಷ್ಟು ಲೀಟರಿಂದಪ್ಪಾ? ಬೋಲ್ಟು ನಾಲ್ಕಾ, ಐದಾ? ಹಳೇದು ತಂದಿದ್ದೀಯಾ?’ ಹುಡುಗ ಚೀಲದಿಂದ ಹಳೆಯ ಕಾಯಿಲ್ ತೆಗೆದು ಇಟ್ಟ. ಬೋರ್‌ವೆಲ್ ನೀರಿನ ಸುಣ್ಣ ಗಟ್ಟಿಯಾಗಿ ಅಂಟಿ, ಬಳೆಯಂತೆ ಬಾಗಿದ ಕೊಳವೆ ಎರಡರಷ್ಟು ದಪ್ಪವಾಗಿತ್ತು. ಒಂದು ಕಡೆ ಸೀಳು ಬಿಟ್ಟು ಒಳಗಿನ ಬಿಳಿ ಪುಡಿ ಹೊರಗೆ ಬಂದಿತ್ತು. ಹಿರಿಯರು ಅದರ ತಟ್ಟೆಯ ಮೇಲೆ ಹೊಸದರ ತಟ್ಟೆ ಇಟ್ಟು ತೂತಿಗೆ ತೂತು ಹೊಂದಿಸಿ ನೋಡಿದರು, ಅಂಚಿನಲ್ಲಿ ಕೊರೆದಿದ್ದ 2000 ಎಂಬ ಅಂಕಿ ಓದಿದರು, ಚೀಟಿ ಮಡಿಸಿ ಪಕ್ಕಕ್ಕಿಟ್ಟರು. ಕಾಗುಣಿತದ ಮಾತೇ ಬರಲಿಲ್ಲ. ಸಾಮಾನು ಕೈಯಲ್ಲಿತ್ತು, ಅಳತೆ ಕಣ್ಣೆದುರಿತ್ತು.

ತೊಂದರೆ ಶುರುವಾಗುವುದು ಸಾಮಾನು ಎದುರಿಗಿಲ್ಲದಾಗ. ಫೋನಿನಲ್ಲಿ ಹೇಳಿ ತರಿಸಿದಾಗ, ಬಿಲ್ಲಿನಲ್ಲಿ ಅರ್ಧಂಬರ್ಧ ಬರೆದಾಗ, ಮನೆಯ ಯಜಮಾನರು ಮೇಸ್ತ್ರಿಯ ಮಾತನ್ನು ಕೇಳಿ ತಾವೇ ಪೇಟೆಗೆ ಹೋದಾಗ. ಆಗ ಕೇಳಿಸಿದ ಅಕ್ಷರವೇ ಗತಿ.

ಆ ಹುಡುಗನ ಚೀಟಿಯಲ್ಲಿದ್ದ ‘ಮೆಗ್ನಿಸಂ ರಾಡ್’ ನೋಡಿ. ಮೆಗ್ನೀಸಿಯಂ, ಮೆಗ್ನೀಶಿಯಂ, ಮ್ಯಾಗ್ನೇಷಿಯಂ ಹೇಗೆ ಬರೆದರೂ ಅದು ಟ್ಯಾಂಕಿನೊಳಗೆ ಇಳಿಬಿಡುವ ಆನೋಡ್ ಕಡ್ಡಿ. ಗಡಸು ನೀರು ಟ್ಯಾಂಕಿನ ಉಕ್ಕನ್ನು ತಿನ್ನುವ ಬದಲು ಈ ಕಡ್ಡಿಯನ್ನು ತಿನ್ನಲಿ ಎಂಬುದು ಅದರ ಕೆಲಸ. ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಕಡ್ಡಿ ಪೂರ್ತಿ ಸವೆದ ಮೇಲೂ ಹೊಸದು ಹಾಕಿಸದಿದ್ದರೆ ತುಕ್ಕಿನ ಸರದಿ ಟ್ಯಾಂಕಿನದು. ಆದರೆ ಇದನ್ನೇ ‘ಮ್ಯಾಂಗನೀಸ್ ರಾಡ್’ ಎಂದು ಬಿಲ್ಲಿನಲ್ಲಿ ಬರೆದದ್ದನ್ನು ಓದುಗರೊಬ್ಬರು ನನಗೆ ಕಳಿಸಿದ್ದಾರೆ. ಮ್ಯಾಂಗನೀಸ್ ಬೇರೆಯೇ ಲೋಹ. ಸಂಡೂರಿನ ಗಣಿಗಳಿಂದ ಬರುವುದು ಅದರ ಅದಿರು, ಹೋಗುವುದು ಉಕ್ಕು ತಯಾರಿಕೆಗೆ. ಅಂಗಡಿಯವರು ಕೊಟ್ಟದ್ದು ಸರಿಯಾದ ಕಡ್ಡಿಯೇ ಇರಬಹುದು. ಆದರೆ ನಾಳೆ ಟ್ಯಾಂಕು ತೂತಾಗಿ ವಾರಂಟಿ ಕೇಳಲು ಹೋದಾಗ ಆ ಬಿಲ್ಲು ಏನು ಸಾಬೀತು ಮಾಡುತ್ತದೆ? ಇಂಥ ಕಡೆ ಕಾಗುಣಿತ ಹಣದ ವಿಷಯ.

ಪೈಪಿನಲ್ಲಿ ಇದು ಇನ್ನೂ ಸೂಕ್ಷ್ಮ. ಸಿಪಿವಿಸಿ ಮತ್ತು ಯುಪಿವಿಸಿ ನಡುವೆ ಇರುವುದು ಒಂದಕ್ಷರ. ಫೋನಿನಲ್ಲಿ ‘ಪಿವಿಸಿ’ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಸಿಪಿವಿಸಿಯನ್ನು ಬಿಸಿನೀರಿಗೆಂದೇ ಮಾಡಿರುತ್ತಾರೆ, 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ ಎಂಬುದು ಅದರ ಲೆಕ್ಕ. ಯುಪಿವಿಸಿ ತಣ್ಣೀರಿನದು, 60 ಡಿಗ್ರಿಯ ಹೊತ್ತಿಗೆ ಅದರ ಬಲ ಕುಂದಿರುತ್ತದೆ. ಬೇಸಿಗೆಯಲ್ಲಿ ತಾರಸಿಯ ಸೋಲಾರ್ ಟ್ಯಾಂಕಿನ ನೀರು 70 ಡಿಗ್ರಿ ದಾಟುವುದುಂಟು. ಆ ನೀರನ್ನು ತಣ್ಣೀರಿನ ಪೈಪಿಗೆ ಬಿಟ್ಟರೆ ಮೊದಲು ಪೈಪು ಜೋತುಬೀಳುತ್ತದೆ, ಆಮೇಲೆ ಜೋಡಣೆ ಬಿಡುತ್ತದೆ. ಗೋಡೆಯೊಳಗೆ ಹೂತ ಮೇಲೆ ಇದು ಗೊತ್ತಾದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ಅಂಟೂ ಬೇರೆ ಬೇರೆ. ಒಂದರ ಸಾಲ್ವೆಂಟ್ ಇನ್ನೊಂದಕ್ಕೆ ಹಾಕಬಾರದು. ಅಕ್ಷರದ ಮೇಲೆ ಭರವಸೆ ಬೇಡ. ಪೈಪಿನ ಮೈಮೇಲೆಯೇ ಸಂಖ್ಯೆ ಅಚ್ಚಾಗಿರುತ್ತದೆ: ಸಿಪಿವಿಸಿ ಆದರೆ ಐಎಸ್ 15778, ತಣ್ಣೀರಿನ ಯುಪಿವಿಸಿ ಆದರೆ ಐಎಸ್ 4985. ಈ ಎರಡು ಸಂಖ್ಯೆ ಗೊತ್ತಿದ್ದವರಿಗೆ ಪೈಪಿನ ವಿಷಯದಲ್ಲಿ ಯಾರೂ ಮೋಸ ಮಾಡಲಾರರು.

ಇಲ್ಲಿಯವರೆಗೆ ಅಕ್ಷರ ಬದಲಾದರೆ ಏನಾಗುತ್ತದೆ ಎಂದು ನೋಡಿದೆವು. ಅಕ್ಷರ ಒಂದೇ ಇದ್ದು ವಸ್ತು ಎರಡಾದರೆ ಇನ್ನೂ ಕಷ್ಟ. ಪಿಆರ್‌ವಿ ಎಂಬ ಮೂರಕ್ಷರ ಅಂಥದ್ದು. ಅಪಾರ್ಟ್‌ಮೆಂಟಿನ ಪ್ಲಂಬರ್ ಪಿಆರ್‌ವಿ ಎಂದಾಗ ಅವನ ಮನಸ್ಸಿನಲ್ಲಿರುವುದು ಪ್ರೆಷರ್ ರೆಡ್ಯೂಸಿಂಗ್ ವಾಲ್ವ್. ಮೇಲಿನ ಟ್ಯಾಂಕಿನಿಂದ ಕೆಳಗಿಳಿಯುವ ನೀರಿಗೆ ಹತ್ತು ಮೀಟರಿಗೆ ಸುಮಾರು ಒಂದು ಬಾರ್ ಒತ್ತಡ ಕೂಡುತ್ತಾ ಹೋಗುತ್ತದೆ. ಕೆಳಗಿನ ಮಹಡಿಗಳಲ್ಲಿ ಅದನ್ನು ತಗ್ಗಿಸಿ ಕೊಡುವುದು ಈ ವಾಲ್ವಿನ ಕೆಲಸ. ಗೀಸರ್ ಮೆಕ್ಯಾನಿಕ್ ಪಿಆರ್‌ವಿ ಎಂದರೆ ಪ್ರೆಷರ್ ರಿಲೀಫ್ ವಾಲ್ವ್. ಟ್ಯಾಂಕಿನೊಳಗೆ ಒತ್ತಡ ಮಿತಿ ಮೀರಿದಾಗ ತಾನೇ ತೆರೆದುಕೊಂಡು ನೀರನ್ನು ಹೊರಕ್ಕೆ ಬಿಡುವುದು ಅದರ ಕೆಲಸ. ಒಂದು ಒಳಬರುವ ನೀರನ್ನು ತಡೆಯುತ್ತದೆ, ಇನ್ನೊಂದು ಒಳಗಿರುವುದನ್ನು ಹೊರಬಿಡುತ್ತದೆ. ಎರಡನೆಯದಿರಬೇಕಾದ ಜಾಗದಲ್ಲಿ ಮೊದಲನೆಯದನ್ನು ಹಾಕಿದರೆ ಕಾದು ಹಿಗ್ಗಿದ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಆ ದಿನ ಥರ್ಮೋಸ್ಟ್ಯಾಟ್ ಕೂಡ ಕೈಕೊಟ್ಟರೆ ಟ್ಯಾಂಕು ಸಿಡಿಯಬಹುದು. ಅದಕ್ಕೇ ನಾನು ಗುರುತಿನ ಮೆಕ್ಯಾನಿಕ್‌ಗಳಿಗೆಲ್ಲ ಹೇಳುತ್ತಿರುತ್ತೇನೆ: ವಾಲು ಎನ್ನಿ, ವಾಲ್ವ್ ಎನ್ನಿ, ನಿಮ್ಮಿಷ್ಟ, ಆದರೆ ರಿಲೀಫೋ ರೆಡ್ಯೂಸಿಂಗೋ ಎಂಬುದನ್ನು ಬಾಯಿಬಿಟ್ಟು ಹೇಳಿ, ಪೂರ್ತಿ ಬರೆಯಿರಿ.

‘ಥರ್ಮೋ ಹೋಗಿದೆ ಸಾರ್’ ಎಂಬ ಮಾತೂ ಇದೇ ಜಾತಿಯದು. ಥರ್ಮೋಸ್ಟ್ಯಾಟ್ ಎಂಬ ಹೆಸರಿನಲ್ಲಿ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಆ್ಯಂಡ್ರೂ ಯೂರ್ 1830ರಲ್ಲೇ ಪೇಟೆಂಟ್ ಪಡೆದಿದ್ದರು. ನೀರು ನಿಗದಿತ ಬಿಸಿಗೆ ಬಂದಾಗ ಕರೆಂಟು ಕಡಿದು, ತಣಿದಾಗ ಮತ್ತೆ ಕೂಡಿಸುವುದು ಅದರ ಕೆಲಸ. ಅದು ಕೆಟ್ಟು ಕರೆಂಟು ಕಡಿಯದೇ ಹೋದರೆ ಕಾಪಾಡಲು ಥರ್ಮಲ್ ಕಟ್‌ಔಟ್ ಎಂಬ ಇನ್ನೊಂದು ಪುಟ್ಟ ಸಾಧನ ಇರುತ್ತದೆ. ಕೈಯಾರೆ ಒತ್ತಿ ರೀಸೆಟ್ ಮಾಡುವ ಬಗೆಯದಾದರೆ ಒಮ್ಮೆ ಕಡಿದ ಮೇಲೆ ಅದು ತಾನಾಗಿ ಕೂಡುವುದಿಲ್ಲ. ಎರಡನ್ನೂ ‘ಥರ್ಮೋ’ ಎಂದು ಕರೆದರೆ ಯಾವುದು ಬದಲಾಯಿತು, ಯಾವುದನ್ನು ನೇರ ತಂತಿ ಕೂಡಿಸಿ ಬಿಟ್ಟರು ಎಂದು ಮನೆಯವರಿಗೆ ತಿಳಿಯುವುದೇ ಇಲ್ಲ. ಕಟ್‌ಔಟನ್ನು ಬೈಪಾಸ್ ಮಾಡಿ ಹೋಗುವುದು ಈ ಕಸುಬಿನಲ್ಲಿ ನಾನು ಕಂಡ ಕೆಟ್ಟ ಅಭ್ಯಾಸಗಳಲ್ಲೊಂದು. ಮೀಟರ್ ಬೋರ್ಡಿನಲ್ಲೂ ಹೀಗೇ. ಎಂಸಿಬಿ ಇದೆ, ಭಯವಿಲ್ಲ ಎಂದುಕೊಂಡಿರುತ್ತೇವೆ. ಎಂಸಿಬಿ ಕಾಪಾಡುವುದು ವೈರನ್ನು. ಬಚ್ಚಲಲ್ಲಿ ಒದ್ದೆ ಮೈಯಲ್ಲಿ ನಿಂತವರನ್ನು ಕಾಪಾಡುವುದು 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ. ಹಳಬರು ಅದನ್ನೇ ಇಎಲ್‌ಸಿಬಿ ಎನ್ನುತ್ತಾರೆ, ಅದು ಪರವಾಗಿಲ್ಲ. ಎಂಸಿಬಿಯನ್ನು ಆರ್‌ಸಿಸಿಬಿ ಎಂದುಕೊಂಡರೆ ಮಾತ್ರ ಪರವಾಗಿಲ್ಲ ಎನ್ನಲಾಗದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವ ಕಾಗುಣಿತ ಬೇರೆಯದು. ಬಚ್ಚಲಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡು, ಕಿಟಕಿ-ಬಾಗಿಲು ಮುಚ್ಚಿ ಸ್ನಾನಕ್ಕೆ ಹೋದವರು ಅಲ್ಲೇ ಉಸಿರು ಕಳೆದುಕೊಂಡ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಕೊಂದ ಅನಿಲದ ಹೆಸರನ್ನು ಕಾರ್ಬನ್ ಮೊನಾಕ್ಸೈಡ್, ಮಾನಾಕ್ಸೈಡ್, ಮೋನಾಕ್ಸೈಡ್ ಎಂದು ನಾನಾ ರೀತಿ ಬರೆದಿರುತ್ತಾರೆ. ಹೇಗಾದರೂ ಬರೆಯಲಿ. ಆದರೆ ಕೆಲವೊಮ್ಮೆ ಕಾರ್ಬನ್ ಡೈಆಕ್ಸೈಡ್ ಎಂದೇ ಅಚ್ಚಾಗುತ್ತದೆ, ಇನ್ನು ಕೆಲವೊಮ್ಮೆ ‘ಗ್ಯಾಸ್ ಸೋರಿಕೆಯಿಂದ’ ಎಂದು. ಈ ತಪ್ಪನ್ನು ಕ್ಷಮಿಸುವುದು ನನ್ನಿಂದ ಆಗದು. ಏಕೆಂದರೆ ಓದಿದವರು ತಪ್ಪು ಎಚ್ಚರ ವಹಿಸುತ್ತಾರೆ.

ಅಡುಗೆ ಅನಿಲ ಸೋರಿದರೆ ವಾಸನೆ ಬರುತ್ತದೆ. ಗೊತ್ತಾಗಲಿ ಎಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಡೈಆಕ್ಸೈಡ್ ಹೆಚ್ಚಾದರೆ ಉಸಿರುಗಟ್ಟಿದಂತಾಗಿ ಮೈ ತಾನೇ ಎಚ್ಚರಿಸುತ್ತದೆ. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದ ಅನುಭವವೂ ಇಲ್ಲ. ಗ್ಯಾಸು ಉರಿಯಲು ಸಾಕಷ್ಟು ಗಾಳಿ ಸಿಗದಾಗ ಅದು ಹುಟ್ಟುತ್ತದೆ. ನೆತ್ತರಿನ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಆಮ್ಲಜನಕ ಕೂರಬೇಕಾದ ಜಾಗವನ್ನು ಆಕ್ರಮಿಸುತ್ತದೆ. ತಲೆನೋವು, ತಲೆಸುತ್ತು, ಕಾಲು ಸೋಲುವುದು. ಬಾಗಿಲ ಚಿಲಕ ತೆಗೆಯಬೇಕೆಂದು ಅನಿಸುವಷ್ಟರಲ್ಲಿ ತೆಗೆಯುವ ಶಕ್ತಿ ಇರುವುದಿಲ್ಲ. ವಾಸನೆ ಬಂದಿಲ್ಲ, ಹಾಗಾಗಿ ಅಪಾಯವಿಲ್ಲ ಎಂದು ನಂಬಿದವರೇ ಇದಕ್ಕೆ ಬಲಿಯಾಗುವುದು. ಮಾನ್ ಮಾಡಿದ ಮೊಟ್ಟಮೊದಲ ಗೀಸರಿಗೂ ಹೊಗೆಯನ್ನು ಹೊರಕ್ಕೆ ಒಯ್ಯುವ ಕೊಳವೆ ಇರಲಿಲ್ಲ. ಅಂದಿನ ಅಪಾಯ ಇಂದಿನ ನಮ್ಮ ಪುಟ್ಟ ಬಚ್ಚಲಮನೆಗಳಲ್ಲಿ ಹಾಗೇ ಮುಂದುವರಿದಿದೆ. ಸುದ್ದಿ ಬರೆಯುವವರು ‘ಮೊನಾಕ್ಸೈಡ್’ ಎಂಬ ಪದವನ್ನು ಸರಿಯಾಗಿ ಬರೆದು, ಮುಂದೆ ‘ವಾಸನೆಯಿಲ್ಲದ’ ಎಂಬ ವಿಶೇಷಣವನ್ನೂ ಸೇರಿಸಿದರೆ ಆ ಒಂದು ಸಾಲು ಒಂದು ಮನೆಯನ್ನು ಉಳಿಸೀತು.

ಅಳತೆಗಳ ವಿಷಯ ಬೇಗ ಮುಗಿಸುತ್ತೇನೆ. ಸೆಂಟಿಗ್ರೇಡ್ ಎಂದರೂ ಸೆಲ್ಸಿಯಸ್ ಎಂದರೂ ಡಿಗ್ರಿ ಅದೇ. 1948ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಎರಡನೆಯ ಹೆಸರನ್ನು ಖಾಯಂ ಮಾಡಿತು, ಅಷ್ಟೇ. ಆದರೆ ಕಿಲೋವ್ಯಾಟ್ ಬೇರೆ, ಕಿಲೋವ್ಯಾಟ್-ಗಂಟೆ ಬೇರೆ. ಮೊದಲನೆಯದು ಗೀಸರಿನ ಕಸುವು, ಎರಡನೆಯದು ಬಿಲ್ಲಿನಲ್ಲಿ ಬರುವ ಯೂನಿಟ್. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. 2 ಕಿಲೋವ್ಯಾಟಿನ ಗೀಸರಾದರೆ ಹದಿನೆಂಟು ನಿಮಿಷದ ಆಸುಪಾಸು, 3 ಕಿಲೋವ್ಯಾಟಿನದಾದರೆ ಹನ್ನೆರಡು ನಿಮಿಷ. ಯೂನಿಟ್ ಹೆಚ್ಚುಕಡಿಮೆ ಅಷ್ಟೇ. ‘ಮೂರು ಕಿಲೋವ್ಯಾಟಿನದು ಹೆಚ್ಚು ಕರೆಂಟು ತಿನ್ನುತ್ತದಂತೆ’ ಎಂಬ ಪತ್ರಗಳಿಗೆ ಇದೇ ಉತ್ತರ. ಅದಕ್ಕೆ ದಪ್ಪ ವೈರು, 16 ಆಂಪಿಯರ್ ಪ್ಲಗ್ಗು ಬೇಕು ಎಂಬುದು ಮಾತ್ರ ಮರೆಯಬೇಡಿ. ಸೋಲಾರಿನಲ್ಲಿ ಎಲ್‌ಪಿಡಿ ಎಂದರೆ ದಿನಕ್ಕೆ ಇಷ್ಟು ಲೀಟರ್. ಅದನ್ನು ಗಂಟೆಗೆ ಎಂದು ಯಾರಾದರೂ ವಿವರಿಸಿದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಹಾಗಾದರೆ ಎಲ್ಲಕ್ಕೂ ಒಂದೇ ಕಾಗುಣಿತ ಗೊತ್ತುಮಾಡಬೇಕೇ? ಸರ್ಕಾರವೋ ವಿಶ್ವವಿದ್ಯಾಲಯವೋ ಪಟ್ಟಿ ಮಾಡಿ ಹೊರಡಿಸಬೇಕೇ ಎಂದು ಮೇಷ್ಟರು ಕೇಳಿದ್ದಾರೆ. ಪಠ್ಯಪುಸ್ತಕಕ್ಕೆ ಬೇಕು, ಬೇಡವೆನ್ನುವುದಿಲ್ಲ. ಒಂದು ಪುಸ್ತಕದೊಳಗೆ ಶಾಖ, ಉಷ್ಣ, ಉಷ್ಣತೆ, ತಾಪ ಎಂದು ಮನಬಂದಂತೆ ಬಳಸಿದರೆ ಕಾವಿನ ಮೊತ್ತ ಯಾವುದು, ಕಾವಿನ ಮಟ್ಟ ಯಾವುದು ಎಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಅಲ್ಲಿ ಶಿಸ್ತು ಅಗತ್ಯ. ಆದರೆ ಮೇಸ್ತ್ರಿಯ ಚೀಟಿಗೂ ಪೇಂಟರನ ಬೋರ್ಡಿಗೂ ಆ ಶಿಸ್ತನ್ನು ಹೇರುವುದರಿಂದ ಪ್ರಯೋಜನವಿಲ್ಲ. ಐಟಿಐ ಹುಡುಗರಿಗೆ ಅಂಕ ಕೊಡುವವರಲ್ಲಿ ನನ್ನ ವಿನಂತಿ: ಥರ್ಮೋಸ್ಟಾಟ್ ಎಂದು ಬರೆದ ಹುಡುಗ ಅದರ ಕೆಲಸವನ್ನು ಸರಿಯಾಗಿ ವಿವರಿಸಿದ್ದರೆ ಪೂರ್ತಿ ಅಂಕ ಕೊಡಿ. ಥರ್ಮೋಸ್ಟ್ಯಾಟ್ ಎಂದು ಚೆಂದವಾಗಿ ಬರೆದು ಕಟ್‌ಔಟಿನ ಕೆಲಸವನ್ನು ವಿವರಿಸಿದ್ದರೆ ಕಳೆಯಿರಿ.

ಗೀಸರ್ ಮಾರುವ ಕಂಪನಿಗಳ ಮೇಲೆ ನನಗೆ ನಿಜವಾದ ದೂರಿದೆ. ಕರ್ನಾಟಕದಲ್ಲಿ ಇಷ್ಟು ಗೀಸರ್ ಮಾರುತ್ತಾರೆ, ಆದರೆ ಡಬ್ಬದೊಳಗಿನ ಕೈಪಿಡಿಯಲ್ಲಿ ಕನ್ನಡ ಹುಡುಕಿದರೂ ಸಿಗುವುದು ಅಪರೂಪ. ಸಿಕ್ಕಾಗಲೂ ಒಂದೇ ಪುಟದಲ್ಲಿ ಒಂದೇ ಭಾಗಕ್ಕೆ ಎರಡು ಹೆಸರು ಇರುತ್ತದೆ. ಯಾವ ಕಾಗುಣಿತ ಬೇಕಾದರೂ ಬಳಸಲಿ, ಮೊದಲ ಪುಟದಿಂದ ಕೊನೆಯವರೆಗೆ ಅದನ್ನೇ ಬಳಸಲಿ. ಚಿತ್ರದಲ್ಲಿ ಭಾಗಕ್ಕೆ ಒಂದು ಸಂಖ್ಯೆ ಕೊಟ್ಟು ವಿವರಣೆಯಲ್ಲೂ ಅದೇ ಸಂಖ್ಯೆ ಹಾಕಲಿ. ಮನೆಯಲ್ಲಿ ಗೀಸರಿನ ಸ್ವಿಚ್ಚು ಹಾಕುವವರು ಓದಲಾಗದ ಭಾಷೆಯಲ್ಲಿ ‘ಎಚ್ಚರಿಕೆ’ ಎಂದು ಅಚ್ಚು ಮಾಡಿದರೆ ಎಚ್ಚರಿಸಿದಂತಾಗುವುದಿಲ್ಲ.

ಕೊಳ್ಳುವವರು ನೋಡಬೇಕಾದದ್ದು ಸಂಖ್ಯೆಯನ್ನು. ಅಂಗಡಿಯಲ್ಲಿ ಎಲ್ಲವನ್ನೂ ಗೀಸರ್ ಎಂದೇ ಕರೆದರೂ ಐಎಸ್‌ಐ ಚಿಹ್ನೆಯ ಮೇಲೆ ಮುದ್ರಿಸಿದ ಮಾನಕ ಸಂಖ್ಯೆ ಬೇರೆ ಬೇರೆ ಇರುತ್ತದೆ. ಟ್ಯಾಂಕು ಇರುವ ವಿದ್ಯುತ್ ಗೀಸರಿಗೆ ಐಎಸ್ 2082, ಟ್ಯಾಂಕಿಲ್ಲದೆ ಆಗಲೇ ಕಾಯಿಸುವ ಇನ್‌ಸ್ಟಂಟ್‌ಗೆ ಐಎಸ್ 8978, ಬಕೆಟ್ಟಿಗೆ ಇಳಿಬಿಡುವ ರಾಡಿಗೆ ಐಎಸ್ 368, ಪುಟ್ಟ ಗ್ಯಾಸ್ ಗೀಸರಿಗೆ ಐಎಸ್ 15558. ಚಿಹ್ನೆಯ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದ್ದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಚಿಹ್ನೆ ಇದ್ದು ಸಂಖ್ಯೆ ಇಲ್ಲದಿದ್ದರೆ ಕೊಳ್ಳಬೇಡಿ.

ಮುಂದಿನ ಸಲ ರಿಪೇರಿಯವರು ಬಿಲ್ಲು ಬರೆಯುವಾಗ ಪಕ್ಕದಲ್ಲಿ ನಿಂತು ಇಷ್ಟನ್ನು ಬರೆಸಿಕೊಳ್ಳಿ: ಬದಲಾಯಿಸಿದ ಭಾಗದ ಪೂರ್ತಿ ಹೆಸರು, ಎಷ್ಟು ವ್ಯಾಟ್, ಎಷ್ಟು ಲೀಟರ್, ಮಾನಕದ ಸಂಖ್ಯೆ. ತೆಗೆದ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ. ಕಾಗುಣಿತ ತಿದ್ದಲು ಹೋಗಬೇಡಿ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇರುವವರು ಅದೇ ಮೇಸ್ತ್ರಿಯನ್ನು ಆವತ್ತೇ ನಿಲ್ಲಿಸಿಕೊಂಡು ಅದನ್ನು ಗೋಡೆಯ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ. ಪೈಪಿಗೂ ಕೂಲಿಗೂ ಆಗುವ ಖರ್ಚಿನ ಲೆಕ್ಕ ಆಮೇಲೆ ನೋಡಿದರಾಯಿತು.